ಪ್ರಶ್ನೆಗಳು ಕೊನೆಯಲ್ಲಿ

ಹಳೆಯ ಮಲಾಡಿನವರು ಫೋರ್ಟ್ ಕಡೆಗೆ ಹೊರಟರೆ ‘ಮುಂಬೈಗೆ ಹೋಗಿ ಬರ್ತೇವೆ’ ಎನ್ನುತ್ತಿದ್ದರು. ತಪ್ಪೇನೂ ಇರಲಿಲ್ಲ. ಮಲಾಡ್ ಇರುವುದು ಮುಂಬೈ ದ್ವೀಪದಲ್ಲಲ್ಲ, ಪಕ್ಕದ ಸಾಷ್ಟಿ ದ್ವೀಪದಲ್ಲಿ. ಮುಂಬೈ ಪಾಲಿಕೆಯ ಗಡಿ ನಮ್ಮನ್ನು ದಾಟಿ ದಹಿಸರದವರೆಗೆ ಚಾಚಿದ್ದು 1957ರಲ್ಲಿ. ನಾನು ಇಲ್ಲಿ ಮನೆ ಮಾಡುವ ಹೊತ್ತಿಗೆ ಹಳೆಯ ಗಡಿ ಅಳಿಸಿ ಬಹಳ ಕಾಲವಾಗಿತ್ತು. ಆದರೆ ಚರಿತ್ರೆಯ ವಿಷಯ ಬಂದಾಗ ನನ್ನ ತಲೆಯಲ್ಲಿ ಅದು ಹಾಗೇ ಉಳಿದಿತ್ತು. ಚರಿತ್ರೆ ಎಂದರೆ ಚರ್ಚ್‌ಗೇಟಿನಲ್ಲಿ ಇಳಿದು ನಡೆಯುವುದು. ಮಲಾಡ್ ಎಂದರೆ ಸಾಲದ ಕಂತು ಕಟ್ಟುವುದು, ನೀರು ಬರುವ ಹೊತ್ತಿಗೆ ಏಳುವುದು.

ಬ್ಯಾಂಕಿನ ಕೆಲಸ ಫೋರ್ಟಿನಲ್ಲಿತ್ತು. ಮಧ್ಯಾಹ್ನ ಡಬ್ಬಿ ಬೇಗ ಮುಗಿಸಿ ಕಟ್ಟಡ ನೋಡಲು ಹೋಗುವುದು ಚಟವಾಯಿತು. ಮೊದಲು ಕಮಾನು, ಗೋಪುರ. ಆಮೇಲೆ ಅವನ್ನು ಕಟ್ಟಿಸಿದವರು. ಕೊನೆಗೆ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯದ ಗೆಜೆಟಿಯರ್‌ಗಳು. ನಿವೃತ್ತನಾದ ಮೇಲೆ ಚಟಕ್ಕೆ ಗೌರವ ಬಂತು, ಜನ ‘ಸ್ಥಳೀಯ ಇತಿಹಾಸಕಾರರು’ ಎಂದು ಪರಿಚಯಿಸತೊಡಗಿದರು. ಆಮಂತ್ರಣ ಪತ್ರಿಕೆಯಲ್ಲಿ ಹಾಗೆ ಅಚ್ಚಾದ ದಿನ ನನ್ನ ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ‘ಇನ್ನು ತರಕಾರಿ ಯಾರು ತರೋದು?’ ಎಂದಳು.

ಉಪನಗರದ ಒಂದು ಕನ್ನಡ ಸಂಘದವರು ಭಾನುವಾರದ ನಡಿಗೆ ಮಾಡಿಸಿಕೊಡಿ ಎಂದಾಗ ನಾನು ಆರಿಸಿಕೊಂಡದ್ದು ಕಾಲಾ ಘೋಡಾದ ಮ್ಯೂಸಿಯಂ. ಈಗ ಅದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ, ಮೊದಲು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಅದರ ಕಥೆ ನನಗೆ ಬಾಯಿಪಾಠ. 1905ರಲ್ಲಿ ಶಂಕುಸ್ಥಾಪನೆ, 1914ಕ್ಕೆ ಕಟ್ಟಡ ಸಿದ್ಧ, ಯುದ್ಧಕಾಲದಲ್ಲಿ ಸೈನಿಕರ ಆಸ್ಪತ್ರೆ, 1922ರ ಜನವರಿಯಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆದದ್ದು. ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಸ್ಕಾಟ್‌ಲೆಂಡಿನಿಂದ ಬಂದವನು, ಗೇಟ್‌ವೇ ಆಫ್ ಇಂಡಿಯಾವನ್ನೂ ರಚಿಸಿದವನು, 1926ರಲ್ಲಿ ಇಲ್ಲೇ ತೀರಿಕೊಂಡು ಶಿವಡಿಯ ಸ್ಮಶಾನದಲ್ಲಿ ಮಲಗಿದವನು. ಕನ್ನಡಿಗರ ಎದುರು ಹೇಳಲೆಂದೇ ಕಾದಿಟ್ಟ ಮಾತು ಇನ್ನೊಂದಿತ್ತು: ಈ ಕಟ್ಟಡದ ನಡುವಿನ ದೊಡ್ಡ ಗುಮ್ಮಟಕ್ಕೆ ಮಾದರಿ ವಿಜಯಪುರದ ಗೋಳಗುಮ್ಮಟ. ಜಿಪಿಓ ಕಟ್ಟಿದ ಜಾನ್ ಬೆಗ್ ಕೂಡ ಅಲ್ಲಿಂದಲೇ ಪ್ರೇರಣೆ ಪಡೆದವನು. ‘ಮುಂಬೈಯ ಆಕಾಶದಲ್ಲಿ ನಮ್ಮ ಆದಿಲಶಾಹಿ’ ಎಂದು ನಾನು ಕೈಯೆತ್ತಿ ತೋರಿಸಿದರೆ ಚಪ್ಪಾಳೆ ಬೀಳುತ್ತಿತ್ತು.

ಅವತ್ತೂ ಬಿತ್ತು. ಚಪ್ಪಾಳೆ ನಿಲ್ಲುತ್ತಿದ್ದಂತೆ ಗುಂಪಿನ ಹಿಂದಿನಿಂದ ಒಬ್ಬ ಮುದುಕರು ಗಟ್ಟಿಯಾಗಿ ಹೇಳಿದರು: ‘ಗುಮ್ಮಟ ನಮ್ಮ ಕಡೀದು ಖರೆ ರೀ ಸರ. ಕಲ್ಲ ಮಲಾಡದ್ದ ಐತಿ ನೋಡ್ರಿ.’

ಮಾಸಲು ಧೋತರ, ಬಿಳಿ ಟೋಪಿ, ಪಕ್ಕದಲ್ಲಿ ಹತ್ತು ಹನ್ನೆರಡರ ಹುಡುಗ. ಇಂಡಿ ಕಡೆಯವರೆಂದು, ಮಲಾಡ್ ಪೂರ್ವದ ಗುಡ್ಡದ ಬದಿಯ ವಸತಿಯಲ್ಲಿರುವವರೆಂದು ಆಮೇಲೆ ತಿಳಿಯಿತು. ಅವತ್ತು ತಿಳಿದುಕೊಳ್ಳುವ ಮನಸ್ಸೇ ಇರಲಿಲ್ಲ. ನನ್ನ ಮಾತಿನ ಓಟ ಕಡಿದುಹೋಗಿತ್ತು. ‘ಇಲ್ಲ ಕಾಕಾ, ಮುಂಬೈಯ ದೊಡ್ಡ ಕಟ್ಟಡಗಳಿಗೆಲ್ಲ ಕಲ್ಲು ಬಂದದ್ದು ಪೋರಬಂದರಿನಿಂದ, ಹಡಗಿನಲ್ಲಿ. ಪ್ರಶ್ನೆಗಳು ಏನಿದ್ದರೂ ಕೊನೆಯಲ್ಲಿ ಕೇಳಿ,’ ಎಂದೆ. ಅವರು ಮತ್ತೇನೋ ಹೇಳಲು ಬಾಯಿ ತೆರೆದಾಗ ಹುಡುಗ ತೋಳು ಹಿಡಿದು ಹಿಂದಕ್ಕೆಳೆದ. ಜಾಣ ಹುಡುಗ ಎಂದುಕೊಂಡು ನಾನು ವಿಟೆಟ್‌ಗೆ ಮರಳಿದೆ. ಕೊನೆಯಲ್ಲಿ ಪ್ರಶ್ನೆ ಕೇಳಲು ಅವರಿಬ್ಬರೂ ಇರಲಿಲ್ಲ. ಉಪ್ಪಿಟ್ಟು, ಚಹಾಕ್ಕೂ ನಿಂತಿರಲಿಲ್ಲ.

ಪೋರಬಂದರದ ಸುಣ್ಣಕಲ್ಲು ಮುಂಬೈಯ ಹಲವು ಕಟ್ಟಡಗಳಲ್ಲಿದೆ, ಅದು ನಿಜ. ಈ ಕಟ್ಟಡದ ಗೋಡೆ ಮಾತ್ರ ಕುರ್ಲಾದ ಬೂದು ಬಸಾಲ್ಟ್ ಮತ್ತು ಮಲಾಡಿನ ನಸುಹಳದಿ ಟ್ರ್ಯಾಕೈಟ್‌ನದು. ಇದೇನು ಗುಪ್ತ ದಾಖಲೆಯಲ್ಲ. ಮ್ಯೂಸಿಯಮ್ಮಿನ ಬಗ್ಗೆ ಬರೆದ ಪುಸ್ತಕಗಳಲ್ಲಿ ವಿಟೆಟ್‌ನ ಹೆಸರಿನ ಪಕ್ಕದಲ್ಲೇ ಇರುತ್ತದೆ. ನನ್ನದೇ ಟಿಪ್ಪಣಿ ಪುಸ್ತಕದಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು. ಮುಂದಿನ ಮಳೆಗಾಲದಲ್ಲಿ ಒಂದು ಭಾಷಣಕ್ಕೆ ತಯಾರಾಗುವಾಗ ಕಣ್ಣಿಗೆ ಬಿತ್ತು. ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದೆ, ಇಸವಿಗಳ ಕೆಳಗೆ ಎಳೆದಿದ್ದೆ. ಕಲ್ಲಿನ ಸಾಲು ಗೆರೆಯಿಲ್ಲದೆ ಉಳಿದಿತ್ತು.

ಆಮೇಲೆ ಎಲ್ಲಿ ನೋಡಿದರೂ ನಮ್ಮೂರ ಕಲ್ಲೇ. ಗೇಟ್‌ವೇ ಆಫ್ ಇಂಡಿಯಾದ ಹಳದಿ ಬಸಾಲ್ಟ್ ಖಾರೋಡಿಯದು ಎಂದು ದಾಖಲೆ. ಖಾರೋಡಿ ನಮ್ಮ ಸ್ಟೇಷನ್ನಿನಿಂದ ಮಾರ್ವೆಗೆ ಹೋಗುವ ದಾರಿಯಲ್ಲಿದೆ. ನಾನು ಮೀನಿಗೆ, ಚಿಕ್ಕೂ ಹಣ್ಣಿಗೆ ಆ ಕಡೆ ಹೋಗುತ್ತಿದ್ದವನು. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದಿಳಿದದ್ದು, 1913ರಲ್ಲಿ ಶಂಕುಸ್ಥಾಪನೆ ಆದದ್ದು, 1924ರ ಡಿಸೆಂಬರಿನಲ್ಲಿ ವೈಸರಾಯ್ ರೀಡಿಂಗ್ ಉದ್ಘಾಟಿಸಿದ್ದು, ಎಲ್ಲವನ್ನೂ ತಾರೀಖಿನೊಂದಿಗೆ ಹೇಳಬಲ್ಲೆ. ದೊರೆಯ ಸ್ವಾಗತದ ಕಮಾನಿನ ಕಲ್ಲು ಸಾಷ್ಟಿಯ ಹಳ್ಳಿಯೊಂದರಿಂದ ಹೊರಟಿತ್ತು, ಆ ಹಳ್ಳಿ ಆಗ ಇನ್ನೂ ಮುಂಬೈ ಕೂಡ ಆಗಿರಲಿಲ್ಲ ಎಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಮಲಾಡಿನ ಬಗ್ಗೆ ನನಗೆ ಆಸಕ್ತಿಯೇ ಇರಲಿಲ್ಲ ಎನ್ನುವಂತಿಲ್ಲ. ಇತ್ತು, ಆದರೆ ಅದಕ್ಕೂ ರಾಜರಾಣಿಯರೇ ಬೇಕಿತ್ತು. ನಮ್ಮ ಪೂರ್ವದ ಗುಡ್ಡಗಳ ಆಚೆ, ಕಾಡಿನೊಳಗೆ, ಕಾನ್ಹೇರಿ ಗುಹೆಗಳಿವೆ. ಅಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರಿರುವ ಒಂಬತ್ತನೇ ಶತಮಾನದ ಶಾಸನಗಳಿವೆ. ಕೊಂಕಣವನ್ನು ಅವನ ಸಾಮಂತರಾಗಿ ಆಳುತ್ತಿದ್ದ ಶಿಲಾಹಾರರ ಕಾಲದವು. ಕವಿರಾಜಮಾರ್ಗದ ನೃಪತುಂಗ ನಮ್ಮ ಬೋರಿವಲಿಯ ಪಕ್ಕದಲ್ಲಿ! ಸಭೆಗಳಲ್ಲಿ ಇದನ್ನು ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದೆನೋ, ಶಾಸನಗಳ ಭಾಷೆ ಸಂಸ್ಕೃತ ಎಂಬುದನ್ನು ಅಷ್ಟೇ ಮೆಲ್ಲಗೆ ಹೇಳುತ್ತಿದ್ದೆ. ಕೇಳುವವರಿಗೂ ಅದು ಬೇಡವಾಗಿತ್ತು.

ಮುದುಕರನ್ನು ಹುಡುಕುವುದು ಕಷ್ಟವಾಗಲಿಲ್ಲ. ಸಂಘದ ನೋಂದಣಿ ಪುಸ್ತಕದಲ್ಲಿ ಫೋನ್ ನಂಬರಿತ್ತು. ಹೈವೇ ದಾಟಿ, ಕುರಾರದ ಸಂತೆಯಂಥ ಬೀದಿ ದಾಟಿ, ರಿಕ್ಷಾ ಹೋಗುವಷ್ಟು ಹೋಗಿ ಮುಂದೆ ಮೆಟ್ಟಿಲು ಹತ್ತಬೇಕು. ಚೀಲದಲ್ಲಿ ಒಂದು ಕೇಜಿ ಪೇಡೆ, ರೆಕಾರ್ಡ್ ಮಾಡುವ ಫೋನು, ಹೊಸ ನೋಟ್‌ಬುಕ್ಕು. ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿದ್ದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದದ್ದು ಲೇಖನದ ಶೀರ್ಷಿಕೆ: ‘ಗೇಟ್‌ವೇಗೆ ಕಲ್ಲು ಕೊಟ್ಟ ಕೈಗಳು’.

ಅವರು ಮೊದಲು ಕ್ಷಮೆಯನ್ನೂ ಆಮೇಲೆ ಶೀರ್ಷಿಕೆಯನ್ನೂ ತಳ್ಳಿಹಾಕಿದರು. ‘ನಾ ಎಲ್ಲಿ ಗೇಟ್‌ವೇ ಕಟ್ಟೀನ್ರಿ? ನಾ ಬಂದಾಗ ಖದಾನದಾಗ ಖಡಿ ಒಡೀತಿದ್ರು.’ ಕಟ್ಟಡದ ಕಲ್ಲಿನ ಕಾಲ ಅವರು ಬರುವ ಮೊದಲೇ ಮುಗಿದಿತ್ತು. ಮುಂಬೈ ಕಾಂಕ್ರೀಟಿಗೆ ಹೊರಳಿದ ಮೇಲೆ ಈ ಗುಡ್ಡಗಳಿಗೆ ಬೇಡಿಕೆ ಉಳಿದದ್ದು ಜಲ್ಲಿಗಾಗಿ. ಸುರಂಗ ಹಾರಿಸುವುದು, ಬಂಡೆ ಉರುಳಿಸುವುದು, ಸುತ್ತಿಗೆಯಿಂದ ಒಡೆಯುವುದು, ಮುಂದೆ ಕ್ರಷರ್ ಬಂತು. ಹಾಗಾದರೆ ಮ್ಯೂಸಿಯಮ್ಮಿನ ಕಲ್ಲು ಹೇಗೆ ಗುರುತು ಹಿಡಿದಿರಿ ಎಂದೆ. ಖದಾನದ, ಅಂದರೆ ಕಲ್ಲುಗಣಿಯ, ಅಂಚಿನಲ್ಲಿ ಹಳಬರು ಕಡಿದು ಬಿಟ್ಟ ಚೌಕದ ಕಲ್ಲುಗಳಿದ್ದವಂತೆ. ಇವರ ಗುಡಿಸಲಿನ ಕಟ್ಟೆಗೆ ಅವನ್ನೇ ಹಾಕಿಕೊಂಡಿದ್ದರಂತೆ. ‘ದಿನಾ ಅದರ ಮ್ಯಾಲೇ ಕುಂತು ಉಂಡೀವಿ, ಗುರ್ತು ಸಿಗೂದಿಲ್ಲೇನ್ರಿ?’ ಒಳ್ಳೆಯ ಕಲ್ಲನ್ನು ಬಡಿದರೆ ಗಂಟೆಯ ಹಾಗೆ ನಾದ ಬರಬೇಕು, ದಬ್ ಎಂದರೆ ಒಳಗೆ ಬಿರುಕಿದೆ ಎಂದು ಅರ್ಥ. ಇದನ್ನು ಹೇಳುವಾಗ ಮಾತ್ರ ಅವರ ಮುಖ ಸ್ವಲ್ಪ ಅರಳಿತು.

ನಾನು ಅದನ್ನೇ ಹಿಡಿದುಕೊಂಡೆ. ಮತ್ತೆ ಹೇಳಿ ಕಾಕಾ, ಕಲ್ಲಿನ ಜೊತೆ ನಿಮ್ಮ ಸಂಬಂಧ ಹೇಳಿ, ಖದಾನ ಮುಚ್ಚಿದಾಗ ಬೇಸರ ಆಯ್ತಾ ಎಂದೆಲ್ಲ ಕೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಖದಾನ ಮುಚ್ಚಿದ್ದು ಒಳ್ಳೆಯದಾಯಿತಂತೆ. ಅಣ್ಣ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತನಂತೆ. ಇದು ನನ್ನ ಶೀರ್ಷಿಕೆಗೆ ಕೂಡುತ್ತಿರಲಿಲ್ಲ. ಅಲ್ಲಿಗೆ ನಾನು ಬರೆಯುವುದನ್ನು ನಿಲ್ಲಿಸಿದ್ದೆ ಎಂಬುದು ಮನೆಗೆ ಬಂದು ನೋಟ್‌ಬುಕ್ ನೋಡಿದಾಗ ಗೊತ್ತಾಯಿತು: ನಾದದ ಮಾತು ಮೂರು ಸಾಲಿನಲ್ಲಿದೆ, ಅಣ್ಣನ ಮಾತು ಇಲ್ಲ.

ಹೊರಡುವಾಗ ಹುಡುಗನ ವಿಷಯ ಬಂತು. ಅವತ್ತು ಲೋಕಲಿನಲ್ಲಿ ಬರುವಾಗ ಅಜ್ಜ ಮೊಮ್ಮಗನಿಗೆ ಮಲಾಡಿನ ಕಲ್ಲಿನ ಕಥೆ ಹೇಳಿದ್ದರಂತೆ. ಅವನು ನಂಬಲಿಲ್ಲ. ಗುಡ್ಡದ ಈ ಕಲ್ಲು ಅಷ್ಟು ದೊಡ್ಡ ಕಟ್ಟಡಕ್ಕೆ ಹೋಗಿರಲಿಕ್ಕಿಲ್ಲ ಎಂದನಂತೆ. ‘ನಡೀ, ಅಲ್ಲಿ ಸರ ಇರ್ತಾರ, ಶಾಣ್ಯಾರು. ಅವರನ್ನ ಕೇಳೋಣು ಅಂದಿದ್ದೆರಿ.’ ಅವರು ಅಷ್ಟೇ ಹೇಳಿದರು. ಹುಡುಗ ಒಳಗೆ ಮೊಬೈಲ್ ಹಿಡಿದು ಕೂತಿದ್ದ. ನಾನು ಬಗ್ಗಿ, ನಿನ್ನ ಅಜ್ಜ ಹೇಳಿದ್ದೇ ಸರಿ, ತಪ್ಪು ನನ್ನದು, ಪುಸ್ತಕದಲ್ಲಿ ಹಾಗೇ ಇದೆ ಎಂದು ಹಿಂದಿಯಲ್ಲಿ ಹೇಳಿದೆ. ‘ಹಾಂ ಅಂಕಲ್’ ಎಂದ, ತಲೆಯೆತ್ತದೆ. ಇನ್ನೊಮ್ಮೆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುತ್ತೇನೆ ಎಂದದ್ದಕ್ಕೆ ಭಾನುವಾರ ಕ್ಲಾಸ್ ಇದೆ ಎಂದ. ಅಜ್ಜ ಬಾಗಿಲಲ್ಲಿ ನಿಂತು ನನ್ನ ಚಪ್ಪಲಿಯನ್ನು ಕಾಲಿನಿಂದ ಸರಿಮಾಡುತ್ತಿದ್ದರು.

ಲೇಖನ ಬರೆದೆ. ಈ ಸಲ ಶೀರ್ಷಿಕೆ ಬದಲಿಸಿ, ಖಡಿ, ಧೂಳು, ಅಣ್ಣ, ಪೋರಬಂದರ ಎಂದ ನನ್ನ ಅಹಂಕಾರ ಎಲ್ಲ ಸೇರಿಸಿ ಬರೆದೆ. ಅವರ ಮನೆಗೆ ಹೋಗಿ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು. ಕೂಲಿಯ ಲೆಕ್ಕ ಒಂದು ಕಡೆ. ಇನ್ನೊಂದು ಕಡೆ ನಾನು ‘ಶಿಲ್ಪಿಗಳು’ ಎಂದು ಬರೆದಿದ್ದೆ, ನಕ್ಕು ತೆಗೆಸಿದರು.

ಸ್ಮರಣಸಂಚಿಕೆಯೊಂದಕ್ಕೆ ಕಳಿಸಿದಾಗ ಸಂಪಾದಕರು ಬಹಳ ವಿನಯದಿಂದ ಫೋನ್ ಮಾಡಿದರು. ಸಂಭ್ರಮದ ಸಂಚಿಕೆ, ಇದು ಸ್ವಲ್ಪ ಭಾರವಾಯಿತು, ನೀವು ಬಾಂಬೆ ಟಾಕೀಸ್ ಬಗ್ಗೆ ಚೆನ್ನಾಗಿ ಮಾತಾಡ್ತೀರಲ್ಲ, ಅದನ್ನೇ ಕೊಡಿ ಎಂದರು. ಇದನ್ನೇ ಹಾಕಿ, ಇಲ್ಲದಿದ್ದರೆ ಬಿಡಿ ಎನ್ನಬಹುದಿತ್ತು. ಅನ್ನಲಿಲ್ಲ. ಎರಡು ರಾತ್ರಿಯಲ್ಲಿ ಬರೆದು ಕೊಟ್ಟೆ. 1934ರಲ್ಲಿ ಹಿಮಾಂಶು ರಾಯ್ ಮಲಾಡಿನಲ್ಲಿ ಕಟ್ಟಿದ ಸ್ಟುಡಿಯೋ, ಜರ್ಮನಿಯಿಂದ ಬಂದ ನಿರ್ದೇಶಕ ಫ್ರಾನ್ಜ್ ಓಸ್ಟನ್, ಲ್ಯಾಬೊರೇಟರಿಯಲ್ಲಿದ್ದ ಅಶೋಕ್ ಕುಮಾರ್ ನಾಯಕನಾದದ್ದು, ‘ಅಛೂತ್ ಕನ್ಯಾ’, ‘ಕಿಸ್ಮತ್’. ಕೊನೆಗೆ ಕನ್ನಡಿಗರಿಗೆ ಬೇಕಾದ ತಿರುವು: ದೇವಿಕಾ ರಾಣಿ 1945ರಲ್ಲಿ ಚಿತ್ರರಂಗ ಬಿಟ್ಟು, ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ನನ್ನು ಮದುವೆಯಾಗಿ, ಮುಂದೆ ನಮ್ಮ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟ ಸೇರಿದ್ದು, 1994ರಲ್ಲಿ ಅಲ್ಲಿಯವರಾಗಿಯೇ ಕಣ್ಣುಮುಚ್ಚಿದ್ದು. ಒಳ್ಳೆಯ ಕಥೆ, ಒಂದಕ್ಷರವೂ ಸುಳ್ಳಲ್ಲ. ಸ್ಟುಡಿಯೋದ ಜಾಗದಲ್ಲಿ ಈಗಿರುವ ಕಾರ್ಖಾನೆ, ಗೋದಾಮುಗಳಲ್ಲಿ ಕೆಲಸ ಮಾಡುವವರು ಯಾರು ಎಂದು ಅದರಲ್ಲಿಯೂ ಬರೆಯಲಿಲ್ಲ.

ಸಂಚಿಕೆ ಬಂದ ವಾರವೆಲ್ಲ ಫೋನುಗಳು ಬಂದವು. ಎಲ್ಲರೂ ಮೆಚ್ಚಿದರು. ತಿದ್ದಿ ಎಂದು ಒಬ್ಬರೂ ಹೇಳಲಿಲ್ಲ.