ಉಪ್ಪುಂದದ ಸೌತೆ, ಪರದೇಶದ ಒಲೆ

ಕುಂದಾಪುರದಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರು ಸಾಗಿ, ಬೈಂದೂರು ಇನ್ನೇನು ಬಂದಿತೆನ್ನುವಾಗ ಎದುರಾಗುವ ಊರು ಉಪ್ಪುಂದ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಮರಳದಂಡೆಯ ಮೇಲೆ ಮೀನುಗಾರರ ದೋಣಿಗಳು. ಪೂರ್ವಕ್ಕೆ ದೂರದಲ್ಲಿ ಸಹ್ಯಾದ್ರಿಯ ನೀಲಿ ಗೆರೆ. ನಡುವೆ ತೆಂಗು, ಬತ್ತದ ಗದ್ದೆ, ದುರ್ಗಾಪರಮೇಶ್ವರಿಯ ದೇವಾಲಯ. ಹೆಸರಿನಲ್ಲೇ ಉಪ್ಪನ್ನಿಟ್ಟುಕೊಂಡ ಈ ಊರಿನ ಮಕ್ಕಳು ಅನ್ನವನ್ನು ಅರಸಿ ದೂರ ಹೋಗುವುದು ಇಂದು ನಿನ್ನೆಯ ಮಾತಲ್ಲ.

ಪರಸ್ಥಳವೆಂಬುದು ಇಲ್ಲಿಯವರಿಗೆ ಒಂದು ಕಾಲದಲ್ಲಿ ತೀರ ಹತ್ತಿರವಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಬೈಂದೂರು, ಶಿರೂರು ದಾಟಿ ಭಟ್ಕಳಕ್ಕೆ ಕಾಲಿಟ್ಟರೆ ಸರಕಾರವೇ ಬೇರೆ. 1956ರ ನವೆಂಬರ್ 1ರಂದು ಆ ಗಡಿ ಅಳಿಯಿತು. ಆದರೆ ಅದಕ್ಕೂ ಬಹಳ ಮೊದಲೇ ಈ ಕರಾವಳಿಯ ಹುಡುಗರು ಹೋಟೆಲಿನ ಕೆಲಸಕ್ಕಾಗಿ ಬೆಂಗಳೂರು, ಮುಂಬಯಿ, ಮದರಾಸುಗಳ ದಾರಿ ಹಿಡಿದಿದ್ದರು. ಕೋಟದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಾದಂಬರಿಯಲ್ಲಿಯೂ ಹೋಟೆಲಿನ ಹಣವು ಹಳ್ಳಿಯ ಬಾಳನ್ನು ಬದಲಿಸಿದ ಕಥೆ ಒಂದು ಮುಖ್ಯ ಎಳೆಯಾಗಿದೆ.

ಆ ಮೊದಲ ತಲೆಮಾರಿಗೆ ಊಟದ ಚಿಂತೆಯಿರಲಿಲ್ಲ. ಅಡುಗೆಮನೆಯೇ ಅವರ ಕೆಲಸದ ಸ್ಥಳ. ಹಲವರಿಗೆ ಮಲಗುವ ಜಾಗವೂ ಅದೇ. ಚಿಂತೆ ಬಂದುದು ಆಮೇಲೆ ಕಡಲು ದಾಟಿದವರಿಗೆ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲವಾಯಿತು. 1973ರ ತರುವಾಯ ಎಣ್ಣೆಯ ಬೆಲೆಯೇರಿ ಕೊಲ್ಲಿಯ ನಾಡುಗಳು ಕೆಲಸಗಾರರನ್ನು ಕೈಬೀಸಿ ಕರೆದವು. ಹೀಗೆ ಹೋದವನು ಇಂಜಿನಿಯರನಿರಬಹುದು, ಅಂಗಡಿಯ ಗುಮಾಸ್ತನಿರಬಹುದು. ಊರಿನಲ್ಲಿ ತಟ್ಟೆಯ ಮುಂದೆ ಕುಳಿತು ಅಭ್ಯಾಸವೇ ಹೊರತು ಒಲೆಯ ಮುಂದೆ ನಿಂತವನಲ್ಲ. ಮೊದಲ ವಾರ ರೊಟ್ಟಿ, ಬಾಳೆಹಣ್ಣುಗಳಲ್ಲಿ ಕಳೆಯುತ್ತದೆ. ಎರಡನೆಯ ವಾರ ನಾಲಗೆ ಹಟ ಹಿಡಿಯುತ್ತದೆ. ಅದು ಕೇಳುವುದು ಹೋಳಿಗೆಯನ್ನಲ್ಲ, ಪಾಯಸವನ್ನಲ್ಲ. ಕುಚ್ಚಲಕ್ಕಿಯ ಅನ್ನ ಮತ್ತು ಸೌತೆಕಾಯಿಯ ಹುಳಿ.

ಇದಕ್ಕಿಂತ ಸರಳವಾದ ಅಡುಗೆ ಕರಾವಳಿಯಲ್ಲಿ ವಿರಳ. ಹಸಿಯಾಗಿ ತಿನ್ನುವ ಮುಳ್ಳುಸೌತೆ ಬೇರೆ. ಹಳದಿ ಬಣ್ಣಕ್ಕೆ ಹಸುರು ಪಟ್ಟೆಗಳುಳ್ಳ ಈ ಸೌತೆ ಬೇರೆ. ಘಟ್ಟದ ಮೇಲಿನವರು ಇದನ್ನು ಮಂಗಳೂರು ಸೌತೆಯೆನ್ನುತ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ಕರ್ಬೂಜದ ಬಳಗಕ್ಕೆ ಸೇರಿದ್ದು. ಬಲಿತ ಕಾಯಿಗಳನ್ನು ಹಗ್ಗದಲ್ಲೋ ಬಾಳೆಯ ನಾರಿನಲ್ಲೋ ಕಟ್ಟಿ ಅಟ್ಟದ ಅಡ್ಡಪಟ್ಟಿಗೆ ಸಾಲಾಗಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊರಗೆ ಜಡಿಮಳೆ ಹೊಯ್ಯುತ್ತಿರುವಾಗ, ತರಕಾರಿಗೆ ದಾರಿಯಿಲ್ಲದ ದಿನಗಳಲ್ಲಿ, ಗೃಹಿಣಿ ತಲೆಯೆತ್ತಿ ನೋಡಿ ಒಂದನ್ನು ಬಿಚ್ಚಿಕೊಳ್ಳುತ್ತಿದ್ದಳು. ಅದೇ ಅವಳ ಉಗ್ರಾಣ.

ಹುಳಿಯ ಕ್ರಮ ಹೀಗೆ. ಕಾಯಿಯನ್ನು ಸೀಳಿ, ಬೀಜ ತೆಗೆದು, ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ನೋಡಬೇಕು. ಕಹಿಯಿದ್ದರೆ ಇಡೀ ಕಾಯಿಯನ್ನೇ ಎಸೆಯುವುದು ಕ್ಷೇಮ. ಸಿಪ್ಪೆಸಹಿತ ದೊಡ್ಡ ಹೋಳುಗಳನ್ನು ಮಾಡಿ ಉಪ್ಪು, ಚೂರು ಬೆಲ್ಲದೊಡನೆ ಬೇಯಿಸಬೇಕು. ಅರ್ಧ ಬಟ್ಟಲು ತೊಗರಿಬೇಳೆಯನ್ನು ಬೇರೆಯಾಗಿ ಬೇಯಿಸಿಕೊಳ್ಳಬೇಕು. ಐದಾರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳು ಮೆಂತೆಯನ್ನು ತುಸು ಎಣ್ಣೆಯಲ್ಲಿ ಹುರಿದು, ಒಂದು ಬಟ್ಟಲು ತೆಂಗಿನ ತುರಿಯೊಡನೆ ನುಣ್ಣಗೆ ಅರೆಯಬೇಕು. ಹೋಳು ಬೆಂದ ಮೇಲೆಯೇ ಹುಣಿಸೆಯ ರಸ ಹಾಕಬೇಕು. ಮೊದಲೇ ಹಾಕಿದರೆ ಹುಳಿಯ ಗುಣದಿಂದ ಹೋಳಾಗಲಿ ಬೇಳೆಯಾಗಲಿ ಬೇಗ ಮೆತ್ತಗಾಗದು. ಎಲ್ಲವನ್ನೂ ಕೂಡಿಸಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು.

ಓದುಗರಿಗೆ ಇದರಲ್ಲಿ ಕಷ್ಟವೇನು ಕಾಣದಿರಬಹುದು. ಪರದೇಶದಲ್ಲಿ ಒಂದೊಂದು ಹೆಜ್ಜೆಗೂ ಒಂದೊಂದು ತೊಡಕು. ಲಂಡನ್ನಿನ ಗಡಸು ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಕಾಳುಕಾಳಾಗಿಯೇ ನಿಲ್ಲುತ್ತದೆ. ರಾತ್ರಿಯೇ ನೆನೆಸಿಟ್ಟರೆ, ಚಿಟಿಕೆ ಸೋಡಾ ಹಾಕಿದರೆ ದಾರಿಗೆ ಬರುತ್ತದೆ. ಅಮೆರಿಕದ ಮನೆಗಳಲ್ಲಿ ಸಾಸಿವೆ ಸಿಡಿದು ಮೆಣಸಿನ ಘಾಟೆದ್ದರೆ ಚಾವಣಿಯ ಹೊಗೆಗಂಟೆ ಕೂಗಿಕೊಳ್ಳುತ್ತದೆ. ಊರಿನ ಹಸಿ ಕರಿಬೇವನ್ನು ಪೆಟ್ಟಿಗೆಯಲ್ಲಿ ಒಯ್ಯೋಣವೆಂದರೆ, ಕಿತ್ತಳೆ ನಿಂಬೆಗಳ ಗಿಡಗಳಿಗೆ ರೋಗ ಹಬ್ಬಿಸುವ ಕೀಟದ ಭಯದಿಂದ ಅಲ್ಲಿಯ ಅಧಿಕಾರಿಗಳು ಒಳಗೆ ಬಿಡುವುದಿಲ್ಲ. ಕೊಲ್ಲಿಯ ಕಡೆ ಹೋಗುವವರು ಇನ್ನೊಂದನ್ನು ನೆನಪಿಡಲೇಬೇಕು: ನಮ್ಮ ಅಡುಗೆಮನೆಯ ನಿರಪರಾಧಿ ಗಸಗಸೆಯು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ ವಸ್ತು. ತಾಯಿ ಅಕ್ಕರೆಯಿಂದ ಕಟ್ಟಿಕೊಟ್ಟ ಪೊಟ್ಟಣವು ಮಗನನ್ನು ಸೆರೆಮನೆಗೆ ನೂಕಬಲ್ಲುದು.

ಎಲ್ಲಕ್ಕೂ ಮೇಲೆ, ಸೌತೆಯೇ ಇಲ್ಲ. ಭಾರತೀಯರ ಅಂಗಡಿಯಿರುವ ದೊಡ್ಡ ಪಟ್ಟಣಗಳಲ್ಲಿ ಸಿಕ್ಕೀತು. ಇಲ್ಲದ ಕಡೆ ಬುದ್ಧಿ ಓಡಿಸಬೇಕು. ಹಸುರು ಝುಕಿನಿ ನೋಟಕ್ಕೆ ಸೌತೆಯ ತಮ್ಮನಂತಿದ್ದರೂ ಒಂದು ಕುದಿಗೇ ಕರಗುತ್ತದೆ. ಅದನ್ನು ಕೊನೆಯಲ್ಲಿ ಹಾಕಬೇಕು. ಮೆಕ್ಸಿಕೋ ಮೂಲದ ಸೀಮೆಬದನೆ ಗಟ್ಟಿಯಾಗಿ ನಿಂತು ಮಾನ ಉಳಿಸುತ್ತದೆ. ಕೊಲ್ಲಿಯಲ್ಲಿ ಇನ್ನೂ ಅಗ್ಗದ ಉಪಾಯವೊಂದುಂಟು: ಕಲ್ಲಂಗಡಿಯ ಕೆಂಪು ತಿರುಳನ್ನು ತಿಂದು, ಹಸುರು ಸಿಪ್ಪೆಯನ್ನು ಹೆರೆದು, ನಡುವಿನ ಬಿಳಿಯ ಭಾಗವನ್ನು ಹೋಳು ಮಾಡಿದರೆ ಹುಳಿಗೆ ಸೌತೆಯಂತೆಯೇ ಒದಗುತ್ತದೆ. ಇದು ಉಪ್ಪುಂದದವನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಕೊಯ್ಲಾದ ಗದ್ದೆಗಳಲ್ಲಿ ಬೇಸಗೆಗೆ ಕಲ್ಲಂಗಡಿ ಬೆಳೆಯುವ ಸೀಮೆ ಅವನದು; ಬಿಳಿ ತಿರುಳನ್ನು ಅಲ್ಲಿ ದೋಸೆಗೂ ಅರೆಯುತ್ತಾರೆ.

ಹೀಗೆ ಬದಲಿಸಿದರೆ ಅದು ನಮ್ಮ ಹುಳಿಯಾಗಿ ಉಳಿಯುವುದೇ ಎಂದು ಹಿರಿಯರು ಆಕ್ಷೇಪಿಸಬಹುದು. ಅವರ ಹುಳಿಯಲ್ಲಿರುವ ಕೆಂಪು ಮೆಣಸೇ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ನಾಡಿಗೆ ಬಂದದ್ದು. ಕುಂದಾಪುರದ ಪಕ್ಕದ ಬಸರೂರು ಆಗ ಅಕ್ಕಿ, ಕಾಳುಮೆಣಸುಗಳ ದೊಡ್ಡ ಬಂದರು. 1569ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು. ಕಾಳುಮೆಣಸಿಗಾಗಿ ಬಂದವರು ಬಿಟ್ಟುಹೋದ ಕಾಯಿಯನ್ನು ಕರಾವಳಿಯ ಅಜ್ಜಿಯರು ಬೇರೆಲ್ಲಿಯದೆಂದು ಕೇಳದೆ ಅರೆಯುವ ಕಲ್ಲಿಗೆ ಹಾಕಿಕೊಂಡರು. ಮೊಮ್ಮಗ ಈಗ ಸೀಮೆಬದನೆಗೆ ತೋರುವುದೂ ಅದೇ ಆತಿಥ್ಯ.

ಅಂಗಡಿಯ ಪುಡಿಯ ಕಥೆಯೂ ಇಷ್ಟೇ ಸ್ವಾರಸ್ಯದ್ದು. ಮಾವಳ್ಳಿಯ ಆ ಮನೆತನ 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲಿನ ದರಗಳಿಗೆ ಕಡಿವಾಣ ಬಿದ್ದಾಗ ಪುಡಿಗಳ ವ್ಯಾಪಾರದತ್ತ ತಿರುಗಿತು. ಆ ಪುಡಿಗಳ ಕಂಪೆನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು. ಕೋಟ ಸೀಮೆಯ ನೆನಪು ಹೊತ್ತ ಪೊಟ್ಟಣದ ಒಡೆತನ ಇಂದು ಹಿಮದ ನಾಡಿನದು. ಅವಸರಕ್ಕೆ ಅದು ಆದೀತು. ಆದರೂ ಮನೆಯ ಹುಳಿಗೆ ಬೇಕಾದ ಹದ ಪೊಟ್ಟಣದಲ್ಲಿ ಬರುವುದಿಲ್ಲ. ಅದಕ್ಕಾಗಿ ಊರಿಗೆ ಫೋನು ಮಾಡಬೇಕಾಗುತ್ತದೆ.

“ಅಮ್ಮಾ, ಮೆಂತಿ ಎಷ್ಟ್ ಹಾಕ್ಕ್?”

“ಕಣ್ಣಂದಾಜಿಗೆ ಹಾಕ್ ಮಗಾ.”

ಕಣ್ಣಂದಾಜು! ನಲವತ್ತು ವರ್ಷ ಒಲೆಯ ಮುಂದೆ ನಿಂತ ಕಣ್ಣಿನ ಅಂದಾಜು ಮೂರು ವಾರದ ಕಣ್ಣಿಗೆ ಎಲ್ಲಿಂದ ಬರಬೇಕು? ಮಗನ ಹುಳಿ ಕಹಿಯಾಗುತ್ತದೆ, ಮತ್ತೆ ಫೋನು. ಮರುದಿನ ತಾಯಿ ತನ್ನ ಕೈಯ ಮುಷ್ಟಿಯನ್ನು ಚಮಚಕ್ಕೆ ಸುರಿದು, ಜೀವನದಲ್ಲಿ ಮೊದಲ ಬಾರಿಗೆ ಅಳೆದು ನೋಡುತ್ತಾಳೆ. ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ತಾಯಿಗೆ ಬರಿಯ ನೋಟದಿಂದ ಬಂದ ವಿದ್ಯೆ ಹೀಗೆ ಲೆಕ್ಕಕ್ಕೂ ಕಾಗದಕ್ಕೂ ಇಳಿದಿದೆ. ಮಗ ದೂರ ಹೋಗದಿದ್ದರೆ ಅವಳನ್ನು ಯಾರೂ ಕೇಳುತ್ತಲೇ ಇರಲಿಲ್ಲ.

ನಷ್ಟವಿಲ್ಲವೆಂದಲ್ಲ. ದುಡಿಯುವ ಕೈಗಳು ಹೊರಟುಹೋದಂತೆ ಗದ್ದೆಗಳು ಹಡಿಲು ಬೀಳುತ್ತವೆ. ಬೀಗ ಬಿದ್ದ ಮನೆಗಳ ಅಟ್ಟದಲ್ಲಿ ಹಗ್ಗವಿದೆ, ಸೌತೆಯಿಲ್ಲ. ಕಾಂಕ್ರೀಟಿನ ಹೊಸ ಮನೆಗಳಿಗೆ ಅಟ್ಟವೇ ಇಲ್ಲ. ಬೀಜವನ್ನು ಬೂದಿ ಹಚ್ಚಿ ಒಣಗಿಸಿ ಮುಂದಿನ ವರ್ಷಕ್ಕೆ ಕಾಯ್ದಿಡುವ ಕೈಗಳು ಕಡಿಮೆಯಾದರೆ, ಊರಿನ ಸೌತೆಯ ರುಚಿ ಪರದೇಶದಲ್ಲಲ್ಲ, ಊರಿನಲ್ಲೇ ಮೊದಲು ಮರೆಯಾದೀತು.

ಆದರೆ ರಜೆಗೆ ಬಂದ ಮಗ ಈಗ ತಟ್ಟೆಯ ಮುಂದೆ ಸುಮ್ಮನೆ ಕುಳಿತುಕೊಳ್ಳುವವನಲ್ಲ. ಮೆಟ್ಟುಕತ್ತಿಯ ಮುಂದೆ ಕುಳಿತು ಹೋಳು ಹೆಚ್ಚುತ್ತಾನೆ. ಉಪ್ಪು ಸಾಲದೆಂದು ಗೊಣಗುವ ಮೊದಲು ಅಡುಗೆಯ ಶ್ರಮವೇನೆಂದು ಬಲ್ಲವನಾಗಿದ್ದಾನೆ. ತಾಯಿ ಮಣೆಯ ಮೇಲೆ ಕುಳಿತು, ಮಗ ಬಡಿಸಿದ ಹುಳಿಯನ್ನು ಉಂಡು, ಮೆಂತೆ ಒಂದು ಕಾಳು ಹೆಚ್ಚಾಯಿತೆಂದು ಹೇಳುತ್ತಾಳೆ. ಕಡಲಾಚೆಯ ಸಂಪಾದನೆಯ ಲೆಕ್ಕದಲ್ಲಿ ಇದನ್ನೂ ಬರೆದಿಡಬೇಕು.