ಮಾವಿನ ತೋಪಿನಲ್ಲಿ ಮೂರು ದಿನ

ನಮ್ಮ ಕೇರಿಯಿಂದ ಯಾರೂ ಸುಮ್ಮನೆ ಇದ್ದು ಬರೋಣ ಅಂತ ಬೇರೆ ಊರಿಗೆ ಹೋದದ್ದಿಲ್ಲ. ಹೋದರೆ ಸಾವಿಗೆ, ಮದುವೆಗೆ, ಜಾತ್ರೆಗೆ, ಇಲ್ಲಾಂದ್ರೆ ಕೂಲಿಗೆ. ಕಾಲೇಜಿಗೆ ರಜ ಬಂತೆಂದರೆ ನಾವು ಮಾಲೂರಿನ ಇಟ್ಟಿಗೆ ಗೂಡಿನಲ್ಲಿರುತ್ತಿದ್ದೆವು. ಹಾಗಾಗಿ 2025ರ ಜೂನ್‌ನಲ್ಲಿ, ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ ಫೋನು ಮಾಡಿ, 'ನಮ್ಮೂರಿಗೆ ಬರ್ರೋ, ನಾಕು ದಿನ ಆರಾಮಾಗಿ ಇದ್ದು ಹೋಗೋರಂತೆ' ಅಂದಾಗ ಅವ್ವ ಕೇಳಿದ್ದು ಒಂದೇ ಮಾತು: 'ಅಲ್ಲಿ ಏನ್ ಕೆಲ್ಸ ಐತೆ?'

ಕೆಲಸ ಇರಲಿಲ್ಲ. ಮಾಲೂರಿನವರು ಇಬ್ಬರು, ಮುಳಬಾಗಿಲಿನವನೊಬ್ಬ, ಕೋಲಾರದಲ್ಲಿ ಕೂಡಿ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ನರಸಾಪುರದ ಮೇಲೆ ಬರುವಾಗ ಕೆರೆ ನೋಡಿದ್ದೆವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಯಾರ ಯಾರ ಮನೆ ಬಚ್ಚಲು, ಕಕ್ಕಸಿನ ನೀರೋ, ಅದರ ಜಾತಿ ಯಾರೂ ಕೇಳಿಲ್ಲ.

ಗೆಳೆಯ ಊರಿನವನು, ನಾವು ಕೇರಿಯವರು. ಬಸ್ ಸ್ಟ್ಯಾಂಡಿಗೇ ಬಂದು ಕಾದಿದ್ದ. ಬೈಕಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೇರ ತೋಪಿಗೆ ಕರೆದೊಯ್ದ. ಬೋರ್‌ವೆಲ್ಲಿನ ಪಕ್ಕ ಮೋಟಾರು ಮನೆ, ಮುಂದೆ ನೀರಿನ ತೊಟ್ಟಿ, ಎರಡು ಹಗ್ಗದ ಮಂಚ. 'ಮನೇಲಿ ಏನೈತ್ರೋ ಸೆಕೆ, ಇಲ್ಲೇ ಮಜಾ' ಅಂದ.

ನಿಜಕ್ಕೂ ಮಜಾ ಇತ್ತು. ಸುಳ್ಳು ಹೇಳಬಾರದು. ಬೆಳಗಾಗೆದ್ದು ಯಾರೂ ಕೂಗದೆ, ಬಿಸಿಲೇರುವ ತನಕ ಮಲಗಿರುವುದು ಹೇಗಿರುತ್ತದೆಂದು ಅಲ್ಲಿ ಗೊತ್ತಾಯಿತು. ತೊಟ್ಟಿಗೆ ಧುಮುಕಿದೆವು. ಬಾದಾಮಿ, ಮಲ್ಲಿಕಾ, ಬೇನಿಷಾ ತಿಂದು ಕೈ ಅಂಟಂಟು ಮಾಡಿಕೊಂಡೆವು. ರಾತ್ರಿ ನಾವು ಬರೆದದ್ದನ್ನು ಅವನಿಗೆ ಓದಿ ಹೇಳಿದೆವು, ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದ. ಮನೆಯಿಂದ ಕ್ಯಾರಿಯರಿನಲ್ಲಿ ಮುದ್ದೆ, ಉಪ್ಪೆಸರು ಬರುತ್ತಿತ್ತು. ಅಡಿಕೆ ಹಾಳೆ ತಟ್ಟೆಯಲ್ಲಿ ಉಂಡು ಎಸೆದರಾಯ್ತು. ತೊಳೆಯುವ ತಾಪತ್ರಯವಿಲ್ಲ, ಎಷ್ಟು ಅನುಕೂಲ ಅಂದುಕೊಂಡಿದ್ದೆವು.

ಎರಡನೇ ದಿನ ಅವರಪ್ಪ ಬಂದು ಕೂತರು. ಆ ತಿಂಗಳು ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ತಡೆದಿತ್ತು. ಅಲ್ಲಿನ ಜ್ಯೂಸ್ ಫ್ಯಾಕ್ಟರಿಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರು ಬಂದ್ ಮಾಡಿದ್ದರು. ಹಣ್ಣು ಮರದಲ್ಲೇ ಇತ್ತು. 'ಹಣ್ಣು ಮಾಡಿದ ತಪ್ಪೇನಪ್ಪ? ಈ ಕಡೆ ಹುಟ್ಟಿದ್ದೇ ತಪ್ಪಾ? ಗೇಟಿನಾಗೇ ನಿಲ್ಸೋದು ಯಾವ ನ್ಯಾಯ?' ಅಂದರು. ನಾವೂ ಹೌದು, ಅನ್ಯಾಯ ಅಂದೆವು. ಅವರ ಸಂಕಟ ಸುಳ್ಳಲ್ಲ.

ಅದೇ ಸಂಜೆ ಕುಯ್ಲಿನ ಕೆಲಸವಿದೆಯೋ ಅಂತ ಕೇಳಲು ಆ ಊರಿನ ಕೇರಿಯ ಮುದುಕನೊಬ್ಬ ಬಂದ. ಯಾವೂರು, ಯಾರ ಪೈಕಿ ಅಂತ ತೆಲುಗಿನಲ್ಲಿ ವಿಚಾರಿಸಿದ. ಹೇಳಿದೆವು. ಮೋಟಾರು ಮನೆಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, 'ಇಲ್ಲೇ ಇಳಿಸವ್ರಾ?' ಅಂತ ಕೇಳಿ ಬೀಡಿ ಹಚ್ಚಿಕೊಂಡು ಹೋದ.

ಆಮೇಲೆ ಹಣ್ಣು ರುಚಿಸಲಿಲ್ಲ ಅಂತೇನಿಲ್ಲ, ರುಚಿಸಿತು. ಗೆಳೆಯ ಮೂರು ರಾತ್ರಿಯೂ ನಮ್ಮ ಜೊತೆಯೇ ನೆಲದ ಮೇಲೆ ಮಲಗಿದ. ನಮ್ಮ ಎಂಜಲು ಲೋಟದಲ್ಲೇ ನೀರು ಕುಡಿದ. ಅವನು ಮನೆಯಲ್ಲಿ ಕೇಳಿ ಬೈಸಿಕೊಂಡಿದ್ದನೋ, ಕೇಳುವ ಧೈರ್ಯವೇ ಮಾಡಲಿಲ್ಲವೋ. ನಾವೂ ಕೇಳಲಿಲ್ಲ. ನಮ್ಮ ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ದೇವರ ಕೋಲು ಮುಟ್ಟಿದ ನಮ್ಮ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದಾಗ, ಕಾಲೇಜಿನ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದವರು ನಾವೇ. ಒಬ್ಬ ಗೆಳೆಯನ ಹತ್ತಿರ, ಅದೂ ತೋಪಿನ ನೆರಳಲ್ಲಿ, ದನಿ ಏಳಲಿಲ್ಲ. ಕೇಳಿದರೆ ಆ ಮೂರು ದಿನದ ಸುಖ ಹೋದೀತೆಂದು ಹೆದರಿದೆವು. ಅಂಥ ಸುಖ ನಮಗೆ ಅದೇ ಮೊದಲು.

ಹೊರಡುವಾಗ ಅವರಮ್ಮ ತೋಪಿನ ಬೇಲಿ ತನಕ ಬಂದು ಒಂದು ಚೀಲ ಹಣ್ಣು ಮಗನ ಕೈಗೆ ಕೊಟ್ಟರು. 'ಮುಂದಿನ ವರ್ಷಾನೂ ಬರ್ರಪ್ಪ' ಅಂದರು.

ಮನೆಗೆ ಬಂದು ಚೀಲ ಇಳಿಸಿದೆವು. ಅವ್ವ ಒಂದೊಂದೇ ಹಣ್ಣು ಮೂಸಿ ನೋಡಿ ಅಕ್ಕಿ ಮೂಟೆಯ ಪಕ್ಕ ಜೋಡಿಸಿದಳು. ಕುಡಿಯಲು ನೀರು ಕೊಟ್ಟು ಎದುರಿಗೆ ಕೂತು ಕೇಳಿದಳು.

'ದೊಡ್ಡ ಮನೇನಾ? ಎಷ್ಟು ಅಂಕಣದ್ದು?'