ಮಲ್ಪೆಯ ಕಲ್ಗಂಬದ ದ್ವೀಪ

ಜೇವರ್ಗಿ ತಾಲೂಕಿನ ನೆಲೋಗಿಯ ಎರೆಭೂಮಿಯಲ್ಲಿ ಬೆಳೆದ ನಮಗೆ ಕಡಲೆಂಬುದು ಬಹುಕಾಲ ಬರಿಯ ಕೇಳಿದ ಮಾತಾಗಿತ್ತು. ಹೋದ ಮಾಘಮಾಸದಲ್ಲಿ ತಾಯಿಯವರೊಡನೆ ಉಡುಪಿಯ ಶ್ರೀಕೃಷ್ಣದರ್ಶನ ತೀರಿಸಿಕೊಂಡು, ಮಲ್ಪೆಯಲ್ಲಿ ದೋಣಿಯೇರಿ, ಸುಮಾರು 6 ಕಿಲೋಮೀಟರು ದೂರದ ಸೇಂಟ್ ಮೇರಿ ದ್ವೀಪಕ್ಕೆ ಹೋದೆವು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಈ ಹೆಸರನ್ನಿಟ್ಟನೆಂದು ಪ್ರತೀತಿಯುಂಟು.

ಒಂದೇ ದ್ವೀಪವೆಂದು ತಿಳಿಯಬಾರದು. ಕರಾವಳಿಗೆ ಸಮಾನಾಂತರವಾಗಿ ಸಾಲುಗೊಂಡ ನಾಲ್ಕು ದ್ವೀಪಗಳಿವೆ. ಎಲ್ಲಿಯೂ ಜನವಸತಿಯಿಲ್ಲ. ಅತ್ಯಂತ ಎತ್ತರದ ಸ್ಥಳವೂ ಸಮುದ್ರಮಟ್ಟದಿಂದ 10 ಮೀಟರಿನಷ್ಟೇ ಇರುವುದು. ನಾವು ಇಳಿದ ತೆಂಗಿನ ದ್ವೀಪದಲ್ಲಿ ದಡವೆಲ್ಲ ಚಿಪ್ಪುಗಳು; ಅವುಗಳಾಚೆ ಕಲ್ಲಿನ ಕಂಬಗಳು. ಐದು, ಆರು, ಏಳು ಮೂಲೆಗಳ ಆ ಕಂಬಗಳನ್ನು ಶಿಲ್ಪಿಯೇ ಕಡೆದು ಒತ್ತೊತ್ತಾಗಿ ನಿಲ್ಲಿಸಿರುವನೋ ಎಂಬ ಭ್ರಾಂತಿಯುಂಟಾಗುವುದು.

ಭಾರತವೂ ಮಡಗಾಸ್ಕರವೂ ಒಂದೇ ಭೂಖಂಡವಾಗಿದ್ದು, 8.5ರಿಂದ 9 ಕೋಟಿ ವರ್ಷಗಳ ಹಿಂದೆ ಅಗಲುವ ಕಾಲದಲ್ಲಿ ಉಕ್ಕಿದ ಲಾವಾರಸವೇ ಈ ಶಿಲೆ. ನಮ್ಮ ಆಳಂದ, ಅಫಜಲಪುರಗಳ ಕಡೆಯ ಕರಿಗಲ್ಲೂ ಲಾವಾದಿಂದಲೇ ಆದುದು. ಆದರೆ ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ, ಇದಕ್ಕೆ ತಮ್ಮನೆನ್ನಬೇಕು. ರಸವು ಆರುತ್ತ ಕುಗ್ಗುವಾಗ ಮೇಲ್ಮೈ ಬಿರಿಯುವುದು; ತಂಪು ಒಳಕ್ಕಿಳಿದಂತೆ ಬಿರುಕುಗಳೂ ಇಳಿದು ಕಂಬಗಳಾಗುವುವು.

ಇದನ್ನು ವಿವರಿಸುತ್ತಿರುವಾಗ ತಾಯಿಯವರು, "ನಮ್ಮ ಎರಿ ಹೊಲಾನೇ ಕಲ್ಲಾದಂಗ ಅದ ನೋಡಪ್ಪಾ" ಎಂದರು. ಮಾತು ನಿಜ. ಬೇಸಿಗೆಯಲ್ಲಿ ನಮ್ಮ ನೆಲವೂ ಒಣಗಿ, ಕುಗ್ಗಿ, ಹೀಗೆಯೇ ಮೂಲೆಮೂಲೆಯಾಗಿ ಸೀಳುವುದು. ಅಂಥ ಸೀಳಿನಲ್ಲಿ ಕಾಲು ಸಿಕ್ಕಿ ನಮ್ಮ ಎತ್ತೊಂದು ಹಿಂದೆ ಹಾಳಾಯಿತು. ಆ ವರ್ಷ ಸಾಲದ ಎತ್ತಿನಿಂದ ಬಿತ್ತಿದೆವು. ಸಾಲ ಮಾತ್ರ ಮೂರು ಸುಗ್ಗಿ ಉಳಿಯಿತು. ಆದುದರಿಂದಲೇ ಏನೋ, ಉಳಿದವರು ಕಂಬದಿಂದ ಕಂಬಕ್ಕೆ ದಾಟಿ ನಲಿಯುತ್ತಿದ್ದರೂ ಅವರು ಸಂದಿನ ಮೇಲೆ ಹೆಜ್ಜೆಯಿಡಲೊಲ್ಲದೆ ಚಿಪ್ಪಿನ ದಂಡೆಯಲ್ಲಿಯೇ ಕುಳಿತರು. ನಾವೂ ಒತ್ತಾಯಿಸಲಿಲ್ಲ.

ದೋಣಿಯವನು ಕೂಗಿದನು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಇತ್ತ ದೋಣಿ ಬರುವುದಿಲ್ಲವೆಂದು ಅವನು ಹೇಳುತ್ತಿರಲು, ತಾಯಿಯವರು ಒಮ್ಮೆ ಹಿಂತಿರುಗಿ ನೋಡಿ, "ಮಳಿ ಬಂದ್ರ ಇವು ಕೂಡ್ತಾವೇನಪ್ಪಾ?" ಎಂದು ಕೇಳಿದರು.

ಇಲ್ಲವೆಂದೆವು.